ಔಷಧದಾನ ಮತ್ತು ಅಭಯದಾನ: ಗರ್ಭಕೋಶದ ನೋವಿನ ಪ್ರಯೋಗಗಳ ಒಂದು ವಿಮರ್ಶೆ

ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನ ಎಂಬ ನಾಲ್ಕು ದಾನಗಳನ್ನು ಶ್ರಾವಕನ ಕರ್ತವ್ಯಗಳೆಂದು ಜೈನಾಚಾರ್ಯರು ಹೇಳಿದ್ದಾರೆ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಅರಿಯದವನಿಗೆ ವಿದ್ಯೆ, ಅಂಜಿದ ಜೀವಕ್ಕೆ ಅಭಯ. ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿರುವುದರಿಂದ ಅವುಗಳ ನಡುವೆ ವಿರೋಧವಿರಬಹುದೆಂಬ ಸಂದೇಹ ಸಾಮಾನ್ಯವಾಗಿ ಯಾರಿಗೂ ಹುಟ್ಟುವುದಿಲ್ಲ. ಆದರೆ ಆಧುನಿಕ ಔಷಧವು ಸಿದ್ಧವಾಗುವ ಬಗೆಯನ್ನು ವಿಚಾರಿಸಿದಾಗ ಎರಡನೆಯ ದಾನಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ಕಠಿಣ ಪ್ರಶ್ನೆ ಎದ್ದು ನಿಲ್ಲುತ್ತದೆ. ರೋಗಿಗೆ ಕೊಡುವ ಮದ್ದು ಇನ್ನೊಂದು ಜೀವದ ಅಭಯವನ್ನು ಕಸಿದುಕೊಂಡು ಬಂದುದಾದರೆ ಆ ದಾನವು ಎಷ್ಟರಮಟ್ಟಿಗೆ ನಿರ್ಮಲ?

ಹುಬ್ಬಳ್ಳಿ-ಧಾರವಾಡದ ಜೈನ ಸಮಾಜಕ್ಕೆ ಈ ಪ್ರಶ್ನೆ ದೂರದ್ದಲ್ಲ. 1957ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾಗಿ ಮುಂದೆ ಕಿಮ್ಸ್ ಎಂದು ಜನಜನಿತವಾದ ವೈದ್ಯಕೀಯ ಕಾಲೇಜು, 2003ರಲ್ಲಿ ಸತ್ತೂರಿನಲ್ಲಿ ತಲೆಯೆತ್ತಿದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಕಾಲೇಜು, ಎರಡೂ ಊರುಗಳ ಔಷಧಶಾಸ್ತ್ರ ಕಾಲೇಜುಗಳು, ಇವೆಲ್ಲ ಸೇರಿ ಅವಳಿ ನಗರವನ್ನು ಉತ್ತರ ಕರ್ನಾಟಕದ ವೈದ್ಯವಿದ್ಯೆಯ ದೊಡ್ಡ ನೆಲೆಯನ್ನಾಗಿ ಮಾಡಿವೆ. ಜೈನ ಮನೆಗಳ ಮಕ್ಕಳು ಇಂಥ ಕಾಲೇಜುಗಳಲ್ಲಿ ಓದುತ್ತಾರೆ; ಬಸದಿಯ ಟ್ರಸ್ಟುಗಳು ವಿದ್ಯಾರ್ಥಿವೇತನ ಕೊಡುತ್ತವೆ; ಔಷಧದ ಅಂಗಡಿಯು ಸಮಾಜದ ಅನೇಕರಿಗೆ ಜೀವನೋಪಾಯವಾಗಿದೆ. ಸೂರ್ಯಾಸ್ತದೊಳಗೆ ಊಟ ಮುಗಿಸಿ, ಸೋಸಿದ ನೀರನ್ನೇ ಕುಡಿಯುವ ಮನೆಯ ಕಪಾಟಿನಲ್ಲಿ ಮುಟ್ಟಿನ ಹೊಟ್ಟೆನೋವಿನ ಮಾತ್ರೆಯೂ ಇರುತ್ತದೆ. ಆ ಮಾತ್ರೆಯ ಹಿಂದಿರುವ ಪ್ರಯೋಗವನ್ನು ಅರಿತವರು ಮಾತ್ರ ವಿರಳ.

ಪ್ರಯೋಗದ ಸ್ವರೂಪ

ನೋವುನಿವಾರಕವು ಗರ್ಭಕೋಶದ ಸ್ನಾಯುವಿನ ಸಂಕೋಚನವನ್ನು ತಗ್ಗಿಸುವುದೋ ಹೆಚ್ಚಿಸುವುದೋ ಎಂಬುದನ್ನು ಅಳೆಯಲು ಔಷಧಶಾಸ್ತ್ರದಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮವೊಂದಿದೆ. ಹೆಣ್ಣಿಲಿಗೆ ಹಿಂದಿನ ದಿನ ಈಸ್ಟ್ರೋಜನ್ ವರ್ಗದ ಔಷಧವನ್ನು ಚುಚ್ಚಿ ಅದರ ಗರ್ಭಕೋಶವು ಸೂಕ್ಷ್ಮಸಂವೇದಿಯಾಗುವಂತೆ ಮಾಡುತ್ತಾರೆ. ಮರುದಿನ ಅದನ್ನು ಕೊಂದು, ಹೊಟ್ಟೆಯನ್ನು ತೆರೆದು, ಗರ್ಭಕೋಶದ ಎರಡು ಕವಲುಗಳಲ್ಲಿ ಒಂದನ್ನು ಬೇರ್ಪಡಿಸಿ, ಡಿ ಜಲಾನ್ ಎಂಬ ಲವಣದ್ರಾವಣ ತುಂಬಿದ ಗಾಜಿನ ಪಾತ್ರೆಯಲ್ಲಿ ದಾರಕಟ್ಟಿ ತೂಗುಬಿಡುತ್ತಾರೆ. ಸ್ನಾಯುವು ತಾನಾಗಿ ಮಿಡಿಯದಿರಲೆಂದು ಈ ದ್ರಾವಣದಲ್ಲಿ ಕ್ಯಾಲ್ಸಿಯಮ್ಮನ್ನು ಕಡಿಮೆಯಿಟ್ಟು, ಉಷ್ಣತೆಯನ್ನೂ ದೇಹದ ಉಷ್ಣತೆಗಿಂತ ತಗ್ಗಿಸಿರುತ್ತಾರೆ. ಗಾಳಿಯ ಗುಳ್ಳೆಗಳು ಹಾಯುತ್ತಿದ್ದರೆ ಪ್ರಾಣಿ ಸತ್ತ ಮೇಲೂ ಆ ತುಣುಕು ಕೆಲವು ಗಂಟೆಗಳ ಕಾಲ ಸಜೀವವಾಗಿರುತ್ತದೆ. ಅದಕ್ಕೆ ಆಕ್ಸಿಟೋಸಿನ್ ಬೆರೆಸಿದರೆ ಅದು ಕುಗ್ಗುತ್ತದೆ. ನೋವುನಿವಾರಕವನ್ನು ಮೊದಲು ಬೆರೆಸಿದ್ದರೆ ಆ ಕುಗ್ಗುವಿಕೆ ಎಷ್ಟು ಕಡಿಮೆಯಾಯಿತೆಂಬುದನ್ನು ರೇಖೆಯ ಎತ್ತರದಿಂದ ಅಳೆಯುತ್ತಾರೆ. ಹಿಂದೆ ಈ ರೇಖೆಯು ಮಸಿ ಹಿಡಿಸಿದ ಕಾಗದದ ತಿರುಗುವ ಉರುಳೆಯ ಮೇಲೆ ಮೂಡುತ್ತಿತ್ತು; ಈಗ ಗಣಕಯಂತ್ರದ ಪರದೆಯ ಮೇಲೆ ಮೂಡುತ್ತದೆ.

ಇದಕ್ಕಿಂತ ಕಠೋರವಾದ ಇನ್ನೊಂದು ಬಗೆಯುಂಟು. ಎಚ್ಚರವಿರುವ ಹೆಣ್ಣು ಚಿಟ್ಟಿಲಿಗೆ ಕೆಲವು ದಿನ ಈಸ್ಟ್ರೋಜನ್ ಕೊಟ್ಟು, ಬಳಿಕ ಹೊಟ್ಟೆಯೊಳಗೆ ಆಕ್ಸಿಟೋಸಿನ್ ಚುಚ್ಚಿ, ಗರ್ಭಕೋಶದ ಸೆಳೆತದಿಂದ ಅದು ಎಷ್ಟು ಸಲ ಮೈ ತಿರುಚಿತೆಂದು ಎಣಿಸುವುದು. ಔಷಧ ಕೊಟ್ಟ ಇಲಿ ಕಡಿಮೆ ಸಲ ತಿರುಚಿದರೆ ಔಷಧವು ಗುಣಕಾರಿಯೆಂದು ತೀರ್ಮಾನ. ಮೊದಲನೆಯ ಪ್ರಯೋಗದಲ್ಲಿ ಮರಣವು ಸಾಧನವಾದರೆ ಎರಡನೆಯದರಲ್ಲಿ ನೋವೇ ಅಳತೆಗೋಲು. ಸಂಖ್ಯೆ ದೊರೆಯಬೇಕಾದರೆ ಔಷಧ ಪಡೆಯದ ಕೆಲವು ಇಲಿಗಳು ನರಳಲೇಬೇಕು. ನೈತಿಕ ವಿಚಾರದಲ್ಲಿ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾಗದು.

ಸ್ತ್ರೀಯ ನೋವು ಮತ್ತು ವಿಜ್ಞಾನದ ಋಣ

ಇಷ್ಟನ್ನು ಓದಿದೊಡನೆ ಪ್ರಯೋಗಾಲಯವನ್ನು ಖಂಡಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ವಿಷಯದಲ್ಲಿ ಇನ್ನೊಂದು ಜೀವವೂ ಇದೆ. ತಿಂಗಳು ತಿಂಗಳೂ ಹೊಟ್ಟೆ ಹಿಡಿದುಕೊಂಡು ಮಲಗುವ ಹೆಣ್ಣುಮಗಳ ಸಂಕಟ, ಹೆರಿಗೆಯ ಬಳಿಕ ಗರ್ಭಕೋಶ ಕುಗ್ಗುವಾಗ ತಾಯಿ ಪಡುವ ನೋವು, ಅಕಾಲದಲ್ಲಿ ಆರಂಭವಾದ ಸೆಳೆತದಿಂದ ಕೂಸು ಕೈತಪ್ಪುವ ಭಯ, ಇವು ಸಣ್ಣ ಸಂಗತಿಗಳಲ್ಲ. ಬಹುಕಾಲ ಈ ನೋವನ್ನು ಹೆಣ್ಣಿನ ಹಣೆಬರಹವೆಂದೇ ಎಣಿಸಲಾಗಿತ್ತು. ಸ್ವೇಚ್ಛೆಯಿಂದ ಕೈಗೊಂಡ ಉಪವಾಸ ತಪಸ್ಸು. ಬಲವಂತದಿಂದ ಸಹಿಸಿದ ನೋವು ತಪಸ್ಸಲ್ಲ. ಮನೆಯ ಹೆಣ್ಣುಮಕ್ಕಳು ನರಳಲಿ, ಇಲಿಗಳು ಬದುಕಲಿ ಎಂದು ಗಂಡಸರು ಕುಳಿತಲ್ಲೇ ತೀರ್ಪು ಕೊಡುವುದಾದರೆ ಅದು ಅಹಿಂಸೆಯ ಹೆಸರಿನಲ್ಲಿ ನಡೆಯುವ ಮತ್ತೊಂದು ನಿರ್ದಯತೆ.

ವಿಜ್ಞಾನವು ಈ ನೋವಿನ ಮೂಲವನ್ನು ಕಂಡುಕೊಂಡ ಇತಿಹಾಸವೂ ಏಕಮುಖವಾದುದಲ್ಲ. 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಪಿಟ್ಯುಟರಿ ಗ್ರಂಥಿಯ ಸಾರವು ಬೆಕ್ಕಿನ ಗರ್ಭಕೋಶವನ್ನು ಕುಗ್ಗಿಸುವುದೆಂದು ತೋರಿಸಿದರು. ಆಕ್ಸಿಟೋಸಿನ್ನಿನ ಕಥೆ ಆರಂಭವಾದದ್ದು ಅಲ್ಲಿಂದ. 1930ರಲ್ಲಿ ನ್ಯೂಯಾರ್ಕಿನ ಕುರ್ಜ್‌ರಾಕ್ ಮತ್ತು ಲೀಬ್ ಎಂಬ ವೈದ್ಯರು ಮಾನವ ಗರ್ಭಕೋಶದ ಪಟ್ಟಿಗಳ ಮೇಲೆಯೇ ಪ್ರಯೋಗ ನಡೆಸಿ, ವೀರ್ಯದ್ರವದಿಂದ ಅವು ಕುಗ್ಗುವುದನ್ನೂ ಸಡಿಲಗೊಳ್ಳುವುದನ್ನೂ ಕಂಡರು. ಈ ಬಗೆಯ ದ್ರವ್ಯಕ್ಕೆ 1935ರಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ಹೆಸರು ಬಂದಿತು. 1957ರಲ್ಲಿ ಇಂಗ್ಲೆಂಡಿನ ಪಿಕಲ್ಸ್ ಎಂಬ ವಿಜ್ಞಾನಿ ಸ್ತ್ರೀಯರ ಮುಟ್ಟಿನ ಸ್ರಾವದಲ್ಲಿಯೇ ಸ್ನಾಯುವನ್ನು ಸೆಳೆಯುವ ದ್ರವ್ಯವನ್ನು ಗುರುತಿಸಿದರು. ಅದೂ ಪ್ರೊಸ್ಟಗ್ಲಾಂಡಿನ್ನುಗಳೇ ಎಂಬುದು ಮುಂದೆ ತಿಳಿಯಿತು. 1971ರಲ್ಲಿ ಜಾನ್ ವೇನ್ ಆಸ್ಪಿರಿನ್ ಜಾತಿಯ ಔಷಧಗಳು ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯನ್ನೇ ತಡೆಯುತ್ತವೆಂದು ಸ್ಥಾಪಿಸಿ, 1982ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ವೇನ್ ಅವರ ಶೋಧಕ್ಕೆ ಗಿನಿಯಿಲಿಯ ಶ್ವಾಸಕೋಶ ಬೇಕಾಯಿತು. ಆದರೆ ಮುಟ್ಟಿನ ನೋವಿನ ಮುಖ್ಯ ಸುಳಿವು ದೊರೆತದ್ದು ಸ್ತ್ರೀಯ ದೇಹದಿಂದಲೇ. ಪ್ರಾಣಿಗಳಿಲ್ಲದೆ ಏನೂ ತಿಳಿಯುತ್ತಿರಲಿಲ್ಲವೆಂಬ ಮಾತೂ, ಪ್ರಾಣಿಗಳಿಂದ ಏನೂ ತಿಳಿಯಲಿಲ್ಲವೆಂಬ ಮಾತೂ ಈ ಇತಿಹಾಸದ ಮುಂದೆ ಸಮನಾಗಿ ಸೋಲುತ್ತವೆ.

ಇಲಿಯ ಉತ್ತರಕ್ಕೆ ಮಿತಿಗಳೂ ಇವೆ. ಇಲಿಗೆ ನಾಲ್ಕೈದು ದಿನಗಳ ಬೆದೆಯ ಚಕ್ರವುಂಟೇ ಹೊರತು ಸ್ತ್ರೀಗೆ ಆಗುವಂತೆ ಮುಟ್ಟಾಗುವುದಿಲ್ಲ. ಆದ್ದರಿಂದ ಮುಟ್ಟಿನ ನೋವೆಂಬುದು ಅದಕ್ಕೆ ಸಹಜವಾಗಿ ಇಲ್ಲವೇ ಇಲ್ಲ. ಪ್ರಯೋಗಕಾರನು ಅದನ್ನು ಕೃತಕವಾಗಿ ಉಂಟುಮಾಡಬೇಕು. ಹೆರಿಗೆಗೆ ಮುನ್ನ ಇಲಿಯ ರಕ್ತದಲ್ಲಿ ಪ್ರೊಜೆಸ್ಟರಾನ್ ಕುಸಿಯುತ್ತದೆ. ಮಾನವ ಸ್ತ್ರೀಯಲ್ಲಿ ಹಾಗೆ ಕುಸಿಯುವುದಿಲ್ಲ. ಇನ್ನು ಸುರಕ್ಷತೆಯ ವಿಷಯ. ಮುಟ್ಟಿನ ನೋವಿಗೆ ಭಾರತದಲ್ಲಿ ಬಹಳವಾಗಿ ಬಳಸುವ ಮೆಫೆನಾಮಿಕ್ ಆಮ್ಲವು ಕೆಲವರಲ್ಲಿ ತೀವ್ರವಾದ ಅಲರ್ಜಿಯ ವಿಕೋಪವನ್ನು ಉಂಟುಮಾಡಬಲ್ಲದೆಂದು ಭಾರತೀಯ ಔಷಧಸಂಹಿತಾ ಆಯೋಗವು 2023ರಲ್ಲಿ ಎಚ್ಚರಿಕೆ ನೀಡಿತು. ದಶಕಗಳಿಂದ ಬಳಕೆಯಲ್ಲಿದ್ದ ಔಷಧದ ಬಗ್ಗೆ ಈ ಎಚ್ಚರ ಮೂಡಿದ್ದು ಅದನ್ನು ಸೇವಿಸಿದ ರೋಗಿಗಳ ವರದಿಗಳಿಂದ. ಪ್ರಯೋಗಾಲಯದ ಇಲಿಯು ಕೊಡುವ ಅಭಯಪತ್ರವು ಸಂಪೂರ್ಣವಾದುದಲ್ಲ.

ಶಾಸ್ತ್ರದ ಒರೆಗಲ್ಲು

ಪ್ರಯೋಗದ ಸಮರ್ಥಕರು ಸಾಮಾನ್ಯವಾಗಿ ಮುಂದಿಡುವ ವಾದ ಒಂದೇ: ಕೆಲವು ಇಲಿಗಳು ಸತ್ತರೆ ಲಕ್ಷಾಂತರ ತಾಯಂದಿರ ನೋವು ಶಮನವಾಗುತ್ತದೆ. ಈ ಲೆಕ್ಕಾಚಾರ ಹೊಸದಲ್ಲ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಒಂದು ಕ್ರೂರಮೃಗವನ್ನು ಕೊಂದರೆ ಅನೇಕ ಜೀವಗಳು ಉಳಿಯುವುವೆಂಬ ಭಾವನೆಯಿಂದಲೂ ಕೊಲ್ಲಬಾರದೆಂಬುದು ಅವರ ನಿರ್ಣಯ. ಇತರರನ್ನು ಹಿಂಸಿಸುವ ಮೃಗಕ್ಕೇ ಈ ರಕ್ಷೆ ಇರುವಾಗ, ಯಾರಿಗೂ ಕೇಡು ಬಗೆಯದೆ ಪಂಜರದಲ್ಲಿ ಹುಟ್ಟಿ ಪಂಜರದಲ್ಲಿ ಬೆಳೆದ ಪಂಚೇಂದ್ರಿಯ ಜೀವಿಯ ಪಕ್ಷ ಇನ್ನೂ ಬಲವಾದುದು. ಬರಿಯ ಸಂಖ್ಯೆಯ ಗುಣಾಕಾರ-ಭಾಗಾಕಾರಗಳಿಂದ ಹಿಂಸೆಯು ಅಹಿಂಸೆಯಾಗದು.

ಇನ್ನು ಕೆಲವರು ಇದನ್ನು ಗೃಹಸ್ಥನಿಗೆ ಅನಿವಾರ್ಯವಾದ ಉದ್ಯೋಗೀ ಹಿಂಸೆಯ ವರ್ಗಕ್ಕೆ ಸೇರಿಸುತ್ತಾರೆ. ಒಕ್ಕಲಿಗನ ನೇಗಿಲಿಗೆ ಸಿಕ್ಕು ಹುಳುಗಳು ಸಾಯುವುದಿಲ್ಲವೆ, ಹಾಗೆಯೇ ಇದೂ ಎಂಬುದು ಅವರ ಸಮಾಧಾನ. ಈ ಹೋಲಿಕೆ ನಿಲ್ಲುವಂಥದಲ್ಲ. ಒಕ್ಕಲಿಗನು ಹುಳುವನ್ನು ಕೊಲ್ಲಲೆಂದು ಉಳುವುದಿಲ್ಲ. ಹುಳು ಪಾರಾದರೆ ಅವನ ಉಳುಮೆ ಕೆಡುವುದೂ ಇಲ್ಲ. ಇಲ್ಲಿಯಾದರೋ ಕೊಲ್ಲುವುದೇ ಪ್ರಯೋಗದ ಮೊದಲ ಹೆಜ್ಜೆ; ಇಲಿ ಪಾರಾದರೆ ಪ್ರಯೋಗವೇ ಇಲ್ಲ. ಆದ್ದರಿಂದ ಇದು ಸಂಕಲ್ಪೀ ಹಿಂಸೆಯ ಅಂಚಿಗೆ ಬಂದು ನಿಲ್ಲುತ್ತದೆ. ಹಾಗೆಂದು ಸಂಶೋಧಕನನ್ನು ಬೇಟೆಗಾರನ ಸಾಲಿನಲ್ಲಿ ನಿಲ್ಲಿಸುವುದೂ ಅನ್ಯಾಯ. ಪ್ರಮಾದವೂ ಕಷಾಯವೂ ಹಿಂಸೆಯ ಬೇರುಗಳೆಂದು ಶಾಸ್ತ್ರ ಹೇಳುತ್ತದೆ. ನೋವನ್ನು ನೀಗಲು ಹೊರಟವನ ಭಾವವು ಬಾಯಿರುಚಿಗಾಗಿ ಕೊಲ್ಲುವವನ ಭಾವದಂತಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ಇದು: ಈ ಪ್ರಯೋಗದಲ್ಲಿ ಪ್ರಮಾದ ಎಲ್ಲಿದೆ?

ಈ ದೃಷ್ಟಿಯಿಂದ ನೋಡಿದರೆ ಗರ್ಭಕೋಶದ ಪ್ರಯೋಗಗಳು ಮೂರು ತೆರನಾಗುತ್ತವೆ. ಮೊದಲನೆಯದು ಪಾಠಕ್ಕಾಗಿ ನಡೆದದ್ದು. ಆಕ್ಸಿಟೋಸಿನ್ ಬೆರೆಸಿದರೆ ಸ್ನಾಯು ಕುಗ್ಗುವುದೆಂಬುದು ಪಠ್ಯಪುಸ್ತಕದಲ್ಲಿ ಅಚ್ಚಾದ ಸಂಗತಿ. ವಿದ್ಯಾರ್ಥಿಯ ದಾಖಲೆಪುಸ್ತಕದಲ್ಲಿ ಒಂದು ರೇಖೆ ಮೂಡಲೆಂದು ಮತ್ತೊಂದು ಇಲಿಯನ್ನು ಕೊಲ್ಲುವುದು ಶುದ್ಧ ಪ್ರಮಾದ. ಎರಡನೆಯದು ಬಲ್ಲ ಔಷಧವನ್ನೋ ಅದಕ್ಕೆ ಹತ್ತಿರದ ಸಸ್ಯಸಾರವನ್ನೋ ಮತ್ತೆ ಮತ್ತೆ ಪರೀಕ್ಷಿಸಿ ಪ್ರಬಂಧ ಬರೆಯುವುದು. ಇಲ್ಲಿ ಪ್ರಮಾದದ ಪಾಲು ದೊಡ್ಡದು, ಹೊಸ ಅರಿವಿನ ಪಾಲು ಸಣ್ಣದು. ಮೂರನೆಯದು, ಅವಧಿಪೂರ್ವ ಹೆರಿಗೆಯನ್ನು ತಡೆಯುವಂಥ ಹೊಸ ಔಷಧದ ನಿಜವಾದ ಶೋಧ. ಅಲ್ಲಿ ಬೇರೆ ದಾರಿ ಉಂಟೇ ಎಂಬುದನ್ನು ಪ್ರಾಮಾಣಿಕವಾಗಿ ಹುಡುಕಿದ ಮೇಲೂ ಪ್ರಶ್ನೆ ಉಳಿದರೆ ಅದು ಕಠಿಣ ಪ್ರಶ್ನೆಯಾಗಿಯೇ ಉಳಿಯುತ್ತದೆ. ಅದಕ್ಕೆ ಸುಲಭದ ಉತ್ತರ ಕೊಡುವವರು ತಾಯಿಯನ್ನಾದರೂ ಮರೆತಿರುತ್ತಾರೆ, ಇಲಿಯನ್ನಾದರೂ ಮರೆತಿರುತ್ತಾರೆ.

ಹಿಟ್ಟಿನ ಕೋಳಿಯ ಪ್ರಶ್ನೆ

ಪಾಠದ ಪ್ರಯೋಗಗಳ ವಿಷಯದಲ್ಲಿ ಕಾಲ ಸಾಕಷ್ಟು ಮುಂದೆ ಬಂದಿದೆ. 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೇ ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಲು ಸಾಧ್ಯವಿರುವಲ್ಲಿ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂದೂ, ಬರಿಯ ಕೈಚಳಕದ ಅಭ್ಯಾಸಕ್ಕಾಗಿ ಅದನ್ನು ಆದಷ್ಟು ಮಾಡಬಾರದೆಂದೂ ಹೇಳಿತ್ತು. ದಶಕಗಳ ಕಾಲ ಈ ಮಾತು ಕಾಗದದಲ್ಲಿಯೇ ಉಳಿಯಿತು. 2014ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಪದವಿ ತರಗತಿಗಳ ಶರೀರಕ್ರಿಯಾಶಾಸ್ತ್ರ ಮತ್ತು ಔಷಧಶಾಸ್ತ್ರಗಳಲ್ಲಿ ಪ್ರಾಣಿಗಳ ಬದಲು ಗಣಕಯಂತ್ರದ ಪಾಠಗಳಿಗೆ ಎಡೆಮಾಡಿತು. ಭಾರತೀಯ ಫಾರ್ಮಸಿ ಪರಿಷತ್ತಿನ ಬಿ.ಫಾರ್ಮ್. ಪಠ್ಯಕ್ರಮದಲ್ಲಿ ಇಲಿಯ ಗರ್ಭಕೋಶದ ಮೇಲೆ ಆಕ್ಸಿಟೋಸಿನ್ ಅಳೆಯುವ ಪ್ರಯೋಗದ ಹೆಸರು ಉಳಿದುಕೊಂಡರೂ, ಅದನ್ನು ತಂತ್ರಾಂಶ ಮತ್ತು ವಿಡಿಯೋಗಳಿಂದಲೇ ತೋರಿಸಬೇಕೆಂಬ ಸೂಚನೆ ಸೇರಿತು. ಪುದುಚೇರಿಯ ಜಿಪ್ಮರ್ ಸಂಸ್ಥೆಯಲ್ಲಿ ರೂಪುಗೊಂಡ ‘ಎಕ್ಸ್‌ಫಾರ್ಮ್’ ಎಂಬ ತಂತ್ರಾಂಶದಂಥ ಸಾಧನಗಳು ಇದನ್ನು ಸುಲಭಗೊಳಿಸಿವೆ.

ಇಲ್ಲಿ ಜೈನ ಓದುಗನ ಮನಸ್ಸಿನಲ್ಲಿ ಒಂದು ಸಂದೇಹ ಮೂಡಬಹುದು. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ರಾಜನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಜೀವವಿಲ್ಲದ ಬೊಂಬೆಯೇ ಆದರೂ ಆ ಸಂಕಲ್ಪದ ಫಲವಾಗಿ ತಾಯಿ-ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಾಂತರಗಳಲ್ಲಿ ತೊಳಲುತ್ತಾರೆ. ಹಾಗಾದರೆ ಪರದೆಯ ಮೇಲಿನ ಇಲಿಯನ್ನು ಕೊಯ್ಯುವ ವಿದ್ಯಾರ್ಥಿಗೂ ಅದೇ ದೋಷ ತಗುಲದೆ? ಸಂದೇಹ ಗಂಭೀರವಾದುದೇ. ಆದರೆ ಎರಡು ಸಂಕಲ್ಪಗಳಿಗೂ ವ್ಯತ್ಯಾಸವಿದೆ. ಯಶೋಧರನ ಹಿಟ್ಟಿನ ಕೋಳಿ ಕೊಲ್ಲುವ ಬಯಕೆಗೆ ಒದಗಿದ ಬದಲಿ ವಸ್ತು. ಅಲ್ಲಿ ಜೀವವಿಲ್ಲದಿದ್ದರೂ ಬಲಿಯ ಭಾವವು ಪೂರ್ಣವಾಗಿತ್ತು. ತಂತ್ರಾಂಶದ ಮುಂದೆ ಕುಳಿತ ವಿದ್ಯಾರ್ಥಿ ಬಯಸುವುದು ಅರಿವನ್ನು. ಆ ಅರಿವು ಕೊಲೆಯಿಲ್ಲದೆ ಬರಲೆಂಬುದೇ ಅದರ ಉದ್ದೇಶ. ಆದರೂ ಜನ್ನನ ಕಥೆ ಒಂದು ಎಚ್ಚರವನ್ನು ಉಳಿಸುತ್ತದೆ. ಪರದೆಯ ಇಲಿಯನ್ನು ಆಟಿಕೆಯಾಗಿ ಕಂಡು ಜೀವವು ಅಗ್ಗವೆಂಬ ಭಾವವನ್ನು ಬೆಳೆಸಿಕೊಂಡವನು, ನಾಳೆ ಸಂಶೋಧಕನಾದಾಗ ನಿಜವಾದ ಇಲಿಯ ಮುಂದೆಯೂ ಹಾಗೆಯೇ ನಿಲ್ಲುವನು.

ಟೀಕೆಯು ಸಮಾಜದ ಕಡೆಗೂ ತಿರುಗಬೇಕು. ಗಿಡಮೂಲಿಕೆಯ ಔಷಧವೆಂದರೆ ಹಿಂಸೆಯಿಲ್ಲದ್ದೆಂಬ ನಂಬಿಕೆ ಜೈನ ಮನೆಗಳಲ್ಲಿ ಬಲವಾಗಿದೆ. ಸಸ್ಯಸಾರವನ್ನೂ ಇಲಿಯ ಗರ್ಭಕೋಶದ ಮೇಲೆ, ಮೈ ತಿರುಚುವ ಚಿಟ್ಟಿಲಿಗಳ ಮೇಲೆ ಪರೀಕ್ಷಿಸುವ ರೂಢಿ ಔಷಧಶಾಸ್ತ್ರದ ಸಂಶೋಧನೆಯಲ್ಲಿ ವ್ಯಾಪಕವಾಗಿದೆಯೆಂಬುದನ್ನು ಆ ನಂಬಿಕೆ ಗಮನಿಸುವುದಿಲ್ಲ. ಮಾತ್ರೆಯ ಹಸಿರು ಚುಕ್ಕೆಯು ಅದರ ಘಟಕಗಳ ವಿಷಯವನ್ನು ಹೇಳಬಹುದು. ಅದರ ಚರಿತ್ರೆಯನ್ನು ಹೇಳಲಾರದು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದ ಕರ್ಮವು ಒಳಬರುವುದಾದರೆ, ಔಷಧ ಮಾರುವವನು, ಕಂಪನಿಯ ಷೇರು ಕೊಂಡವನು, ಕಾಲೇಜಿಗೆ ದೇಣಿಗೆ ಕೊಟ್ಟು ಫಲಕದಲ್ಲಿ ಹೆಸರು ಕೆತ್ತಿಸಿದವನು, ಇವರಲ್ಲಿ ಯಾರೂ ಹೊರಗಿನವರಲ್ಲ.

ಪರ್ಯಾಯ ಮತ್ತು ಕರ್ತವ್ಯ

ನಿಯಮದ ಕಟ್ಟಿನೊಳಗೆ ವೈದ್ಯವು ಬೆಳೆಯಬಲ್ಲದೆಂಬುದಕ್ಕೆ ಕನ್ನಡ ನಾಡಿನ ಇತಿಹಾಸದಲ್ಲೇ ನಿದರ್ಶನವಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಮದ್ಯ, ಮಾಂಸ, ಮಧುಗಳನ್ನು ಹೊರಗಿಟ್ಟೇ ರಚಿಸಿದರು, ಮಾಂಸೌಷಧವನ್ನು ನಿರಾಕರಿಸುವ ತಮ್ಮ ವಾದವನ್ನು ರಾಜಸಭೆಯಲ್ಲಿ ವೈದ್ಯರೆದುರು ಮಂಡಿಸಿದರು. ಅವರು ವೈದ್ಯವನ್ನು ತ್ಯಜಿಸಲಿಲ್ಲ, ವ್ರತವನ್ನೂ ಬಿಡಲಿಲ್ಲ. ನಿಷೇಧವೇ ಅವರನ್ನು ಬೇರೆ ದ್ರವ್ಯಗಳ ಶೋಧಕ್ಕೆ ಹಚ್ಚಿತು.

ಇಂದಿನ ಗರ್ಭಕೋಶದ ಸಂಶೋಧನೆಯಲ್ಲಿಯೂ ಅಂಥ ದಾರಿ ತೆರೆದಿದೆ. ಸಿಸೇರಿಯನ್ ಹೆರಿಗೆಯ ಸಮಯದಲ್ಲಿ, ತಾಯಿಯ ಲಿಖಿತ ಒಪ್ಪಿಗೆ ಪಡೆದು, ಕೊಯ್ದ ಅಂಚಿನಿಂದ ಸ್ನಾಯುವಿನ ಸಣ್ಣ ಪಟ್ಟಿಯೊಂದನ್ನು ತೆಗೆದು ಅದೇ ಗಾಜಿನ ಪಾತ್ರೆಯಲ್ಲಿ ಪರೀಕ್ಷಿಸಬಹುದು. ಐರ್ಲೆಂಡಿನ ಗಾಲ್ವೆಯ ವೈದ್ಯರು ನಿಮೆಸುಲೈಡ್ ಮೊದಲಾದ ನೋವುನಿವಾರಕಗಳು ಗರ್ಭಕೋಶವನ್ನು ಸಡಿಲಿಸುವುದನ್ನು ಹೀಗೆ ಮಾನವ ಸ್ನಾಯುವಿನ ಮೇಲೆಯೇ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಬೇರೆ ಕಾರಣಕ್ಕೆ ತೆಗೆದುಹಾಕಿದ ಗರ್ಭಕೋಶದಿಂದಲೂ ಇಂಥ ಪಟ್ಟಿಗಳು ದೊರೆಯುತ್ತವೆ. ಇಲ್ಲಿ ಕೊಡುವ ಜೀವಕ್ಕೆ ಒಪ್ಪುವ, ಒಲ್ಲೆನೆನ್ನುವ ಶಕ್ತಿಯುಂಟು. ಉತ್ತರವೂ ಯಾರಿಗೆ ಬೇಕೋ ಅವರ ದೇಹದಿಂದಲೇ ಬರುತ್ತದೆ. ದೊಡ್ಡ ಹೆರಿಗೆ ಆಸ್ಪತ್ರೆಗಳೂ ಔಷಧಶಾಸ್ತ್ರ ವಿಭಾಗಗಳೂ ಒಂದೇ ಊರಿನಲ್ಲಿರುವ ಹುಬ್ಬಳ್ಳಿ-ಧಾರವಾಡಕ್ಕೆ ಇದು ಅಸಾಧ್ಯವಾದ ಮಾತಲ್ಲ. ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳ ಬದಲಿಗೆ ಜೀವಕೋಶ ಹಾಗೂ ಗಣಕ ವಿಧಾನಗಳಿಗೂ ಎಡೆಕೊಡುವಂತೆ ಭಾರತ ಸರಕಾರವು 2023ರಲ್ಲಿ ನಿಯಮಗಳನ್ನು ತಿದ್ದಿದೆ.

ಟ್ರಸ್ಟುಗಳಿಗೆ ಇಲ್ಲಿ ಮಾಡಲು ಕೆಲಸವಿದೆ. ಪ್ರಾಣಿಪ್ರಯೋಗ ನಡೆಸುವ ಪ್ರತಿಯೊಂದು ಸಂಸ್ಥೆಯಲ್ಲೂ ಪ್ರಾಣಿನೀತಿ ಸಮಿತಿ ಇರಬೇಕೆಂದೂ, ಅದರಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಪ್ರಜ್ಞೆಯುಳ್ಳ ಒಬ್ಬ ಸದಸ್ಯನಿರಬೇಕೆಂದೂ ನಿಯಮವಿದೆ. ಆ ಆಸನಕ್ಕೆ ಅರ್ಹರಾದ ವ್ಯಕ್ತಿಗಳನ್ನು, ವಿಶೇಷವಾಗಿ ಸ್ತ್ರೀಯರನ್ನು, ಸಮಾಜವು ಸಿದ್ಧಗೊಳಿಸಬೇಕು. ಕಾಲೇಜಿಗೆ ದೇಣಿಗೆ ಕೊಡುವಾಗ, ಸಂಶೋಧನೆಗೆ ವೇತನ ಕೊಡುವಾಗ, ಮೂರು ಪ್ರಶ್ನೆಗಳನ್ನು ಕೇಳುವ ಹಕ್ಕು ದಾನಿಗಿದೆ: ಹುಡುಕುತ್ತಿರುವ ಉತ್ತರ ಈಗಾಗಲೇ ತಿಳಿದಿದೆಯೆ? ಪ್ರಾಣಿಯಿಲ್ಲದೆ ಅದನ್ನು ತಿಳಿಯಲು ಬರುವುದೆ? ಇಲಿಯಿಂದ ಬಂದ ಉತ್ತರ ಸ್ತ್ರೀಗೆ ಅನ್ವಯಿಸುವುದೆ? ಈ ಮೂರನ್ನೂ ದಾಟಿ ಬಂದ ಪ್ರಯೋಗಗಳು ಕೆಲವೇ ಇದ್ದಾವು. ದಾಟಲಾರದವುಗಳಿಗೆ ಸಮಾಜದ ಹಣ ಹೋಗಬಾರದು. ಮಾನವ ಸ್ನಾಯುವಿನ ಸಂಶೋಧನೆಗೆ, ತಂತ್ರಾಂಶಗಳಿಗೆ ಅದು ಹರಿಯಲಿ. ಪ್ರಯೋಗ ಮುಗಿದ ಮೇಲೂ ಬದುಕುಳಿದ ಪ್ರಾಣಿಗಳ ಪುನರ್ವಸತಿಗೆ ಕೇಂದ್ರ ಸಮಿತಿಯ ಮಾರ್ಗಸೂಚಿಗಳಲ್ಲಿ ಎಡೆಯಿದೆ. ಪಾಂಜರಪೋಳಗಳ ಪರಂಪರೆಯುಳ್ಳ ಸಮಾಜಕ್ಕೆ ಅದು ಅಪರಿಚಿತ ಸೇವೆಯಲ್ಲ.

ನೋವಿನಿಂದ ನರಳುವ ಹೆಣ್ಣುಮಗಳು ಮಾತ್ರೆ ನುಂಗಲು ಅಳುಕಬೇಕಾಗಿಲ್ಲ. ಆ ಮಾತ್ರೆಗಾಗಿ ಕಳೆದುಹೋದ ಜೀವಗಳು ಮರಳಿ ಬರಲಾರವು. ಅವಳ ನೋವಿನಿಂದ ಅವುಗಳ ಋಣ ತೀರುವುದೂ ಇಲ್ಲ. ಆ ಋಣವನ್ನು ಹೊರಬೇಕಾದವರು ಮುಂದಿನ ಇಲಿಯನ್ನು ಉಳಿಸಬಲ್ಲ ಸ್ಥಾನದಲ್ಲಿರುವವರು: ಅಧ್ಯಾಪಕರು, ಸಂಶೋಧಕರು, ದಾನಿಗಳು, ಟ್ರಸ್ಟಿನ ಪದಾಧಿಕಾರಿಗಳು. ಅವರು ಪ್ರಶ್ನೆ ಕೇಳಲು ಆರಂಭಿಸಿದ ದಿನ ಔಷಧದಾನವೂ ಅಭಯದಾನವೂ ಮತ್ತೆ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವುವು.